ಅಪ್ಪನನ್ನು ಎಬ್ಬಿಸುತ್ತಿದ್ದವಳಿಗೆ

ಅವ್ವಾ,

ಕಚೇರಿಯಲ್ಲಿ ದಿನವಿಡೀ ಮರಾಠಿಯಲ್ಲೇ ಬರೆಯುತ್ತೇನೆ. ನೀನು ಮರಾಠಿ ಮಾತಾಡುತ್ತಿದ್ದೆ, ಆದರೆ ಓದಲು ಬರುತ್ತಿದ್ದದ್ದು ನಮ್ಮೂರು ಮೈಂದರ್ಗಿಯ ಕನ್ನಡ ಸಾಲಿಯಲ್ಲಿ ಕಲಿತದ್ದಷ್ಟೇ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯಲು ಕುಳಿತಿದ್ದೇನೆ. ಒತ್ತಕ್ಷರ ತಪ್ಪಿದರೆ ನಗಬೇಡ. ಮೊದಲು ಹೇಳಬೇಕಾದ ಸುದ್ದಿಯೊಂದಿದೆ. ಖುಷಿಯಿಂದ ಹೇಳಬೇಕೋ, ಸಿಟ್ಟಿನಿಂದ ಹೇಳಬೇಕೋ ಅದೇ ತಿಳಿಯುತ್ತಿಲ್ಲ. ಅಪ್ಪ ಕುಡಿಯುವುದನ್ನು ಬಿಟ್ಟಿದ್ದಾನೆ.

ನೀನು ತೀರಿಕೊಂಡು, ನಿನ್ನ ದಿನಗಳು ಮುಗಿದು ನೆಂಟರೆಲ್ಲ ಹೋದ ವಾರ ಅದು. ಅಪ್ಪನಿಗೆ ನಡುಕ ಹಿಡಿಯಿತು. ಜ್ವರ ಎಂದು ಅತ್ತಿ ಕಂಬಳಿ ಹೊದಿಸಿದಳು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಇದು ಜ್ವರವಲ್ಲ, ಇವನು ಬಾಟಲಿ ಮುಟ್ಟಿಲ್ಲ. ವರ್ಷಗಟ್ಟಲೆ ಕುಡಿದವರು ಹೀಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಸೋಲಾಪುರದ ದವಾಖಾನೆಗೆ ಒಯ್ದೆ. ಸಲೈನು, ಗುಳಿಗೆ, ಎಲ್ಲ ಆಯಿತು. ಮನೆಗೆ ಬಂದಮೇಲೂ ಮುಟ್ಟಲಿಲ್ಲ. ಅಗ್ಗದ ಬಾಟಲಿ ತರುತ್ತಿದ್ದ ಮಿಲಿಟರಿ ಕ್ಯಾಂಟೀನಿನ ಕಾರ್ಡು ಗೂಟಕ್ಕೆ ನೇತಾಡುತ್ತಲೇ ಇದೆ, ಆತ ಅತ್ತ ನೋಡುವುದಿಲ್ಲ. ಅಕ್ಕಲಕೋಟದ ಸ್ವಾಮಿಯ ಕೃಪೆ ಎಂದು ಅತ್ತಿ ಹೇಳುತ್ತಾಳೆ. ಹೆಂಡತಿ ಹೋದ ದುಃಖ ಎಂದು ಕಾಕಾ. ನಾನು ಕೇಳಿದರೆ ಅಪ್ಪನದು ಒಂದೇ ಮಾತು: “ಬಿಟ್ಟೆ. ಅಷ್ಟ.”

ನನ್ನ ಕೆಲಸದ ಬಗ್ಗೆ ಓಣಿಯವರು ಕೇಳಿದಾಗ ನೀನು ಏನೆನ್ನುತ್ತಿದ್ದೆ ನೆನಪಿದೆಯೇ? “ನಮ್ಮ ಸುಮಿ ಕುಡುಕರ ಸಾಲಿ ನಡಸ್ತಾಳ್ರಿ.” ವ್ಯಸನಮುಕ್ತಿ ಕೇಂದ್ರದ ಸಮಾಲೋಚಕಿ ಎಂದು ಎಷ್ಟು ಸಲ ಹೇಳಿಕೊಟ್ಟರೂ ಅದಕ್ಕೆ ನಿನ್ನ ನಾಲಿಗೆ ಹೊರಳಲಿಲ್ಲ. ಊರಿನವರ ಗಂಡಂದಿರಿಗೆ ನಾನು ಬುದ್ಧಿ ಹೇಳುತ್ತಿದ್ದೆ, ನಮ್ಮ ಮನೆಯ ಫೌಜಿ ಮಾತ್ರ ನನ್ನ ಮಾತು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾನು ರೇಗಿದರೆ ನೀನೇ ನನ್ನನ್ನು ಒಳಗೆ ಕರೆಯುತ್ತಿದ್ದೆ. “ಅಪ್ಪಗ ನೀ ಮಗಳಾಗಿರು ಸಾಕು, ಡಾಕ್ಟರ್ ಆಗಬ್ಯಾಡ.” ಆಗ ನೀನು ಯಾರ ಪಕ್ಷದಲ್ಲಿದ್ದೆ, ನನ್ನದೋ ಆತನದೋ? ಈಗಲೂ ನನಗೆ...

ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಸೋಲಾಪುರದಲ್ಲಿ ನಮಗೊಂದು ತರಬೇತಿ ಇತ್ತು. ಫೌಜಿನಿಂದ ಮರಳಿದವರ ಕುಡಿತಕ್ಕೆ ಚಿಕಿತ್ಸೆ ಕೊಡುವ ಡಾಕ್ಟರರು, ನರ್ಸುಗಳು, ನಮ್ಮಂಥವರು, ಎಲ್ಲ ಸೇರಿ ಒಂದು ಸಭಾಗೃಹ ತುಂಬಿದ್ದೆವು. ಈ ಕೆಲಸದಲ್ಲಿ ವರ್ಷಗಳಿಂದ ಇರುವವರಿಗೆಂದೇ ಇಟ್ಟ ಮೇಲ್ಮಟ್ಟದ ತರಬೇತಿ. ಕಲಿಸಲು ಪುಣೆಯಿಂದ ಬಂದದ್ದು ಸೈನ್ಯದಲ್ಲೇ ಮನೋವೈದ್ಯೆಯಾಗಿ ನಿವೃತ್ತರಾದ ಒಬ್ಬ ಹೆಣ್ಣುಮಗಳು. ಎಲ್ಲರೂ ಕರ್ನಲ್ ಮೇಡಂ ಎನ್ನುತ್ತಿದ್ದರು. ನೀನು ನೋಡಿದ್ದರೆ ಆ ಗತ್ತಿಗೆ ಮೂಗಿನ ಮೇಲೆ ಬೆರಳಿಡುತ್ತಿದ್ದೆ.

ಮೊದಲ ದಿನವೇ ನಾನು ಇಷ್ಟು ವರ್ಷ ನಂಬಿದ್ದನ್ನು ಅವರು ತಿರುವಿ ಹಾಕಿದರು. ಮೊದಲು ಕುಡಿತ ಬಿಡಿಸು, ಕನಸು, ಹೆದರಿಕೆ, ನೆನಪು ಇವೆಲ್ಲ ಆಮೇಲೆ, ಎಂದು ನಾವು ಕಲಿತಿದ್ದೆವು. ಹಾಗಲ್ಲ, ಎರಡನ್ನೂ ಒಟ್ಟಿಗೇ ಹಿಡಿಯಬೇಕು ಎಂದರು. “ಯಾಕೆ ಕುಡಿಯುತ್ತೀ” ಎಂದು ಕೇಳಬೇಡಿ, ಅದು ಮನೆಯವರು ದಿನಾ ಕೇಳುವ ಪ್ರಶ್ನೆ. “ಕುಡಿದರೆ ನಿನಗೇನು ಸಿಗುತ್ತದೆ” ಎಂದು ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಿ. ನಾನು ಬರೆದುಕೊಳ್ಳುತ್ತಿದ್ದೆ. ಆದರೆ ತಲೆಯಲ್ಲಿ ಅಪ್ಪನೇ. ಆತನಿಗೆ ಏನು ಸಿಗುತ್ತಿತ್ತು? ಸಿಗುತ್ತಿದ್ದದ್ದನ್ನು ಆಮೇಲೆ ಯಾಕೆ ಬೇಡವೆಂದ?

ಮೂರನೆಯ ದಿನಕ್ಕೆ, ಕುಡಿತ ಬಿಟ್ಟ ಫೌಜಿ ಒಬ್ಬರನ್ನು ಯಾರಾದರೂ ಕರೆತರಬಹುದೇ ಎಂದು ಮೇಡಂ ಕೇಳಿದರು. ನಾನು ವಹಿಯಲ್ಲಿ ಕಣ್ಣು ನೆಟ್ಟೆ. ನನ್ನ ಜೊತೆಯ ನರ್ಸಮ್ಮ ಮೊಣಕೈಯಿಂದ ತಿವಿದು, “ಇವರ ತಂದೆಯವರಿದ್ದಾರೆ” ಎಂದುಬಿಟ್ಟಳು. ಅಪ್ಪ ಒಪ್ಪುವುದಿಲ್ಲ ಎಂದುಕೊಂಡೇ ಮನೆಗೆ ಹೋಗಿ ಹೇಳಿದೆ. ಆತ ಕುರ್ಚಿಯಿಂದ ಎದ್ದೇ ಬಿಟ್ಟ. “ಕರ್ನಲ್ ಸಾಹೇಬ್ರು ಕರದಾರಂದ್ರ ಹೋಗಬೇಕಲ ಮತ್ತ.” ಮರುದಿನ ಅಂಗಿಗೆ ಇಸ್ತ್ರಿ, ಬೂಟಿಗೆ ಪಾಲಿಶ್. ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಾಗ ಜನ ಒತ್ತಿ ಬೂಟು ತುಳಿದರೆ, ಬಗ್ಗಿ ಕರ್ಚೀಫಿನಿಂದ ಒರೆಸಿಕೊಂಡ.

ಮೇಡಂ ಆತನನ್ನು ವೇದಿಕೆಗೆ ಹತ್ತಿಸಲಿಲ್ಲ. ತಾವೇ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು. ಅಪ್ಪ ಹಿಂದಿಯಲ್ಲಿ ಶುರುಮಾಡಿದ: ಯಾವ ಪಲಟನ್, ಘಟ್ಟದ ರಸ್ತೆಯಲ್ಲಿ ಟ್ರಕ್ಕು ಓಡಿಸಿದ್ದು, ಆಮೇಲೆ ಊರಿಗೆ ಬಂದು ಗಿರಣಿಯಲ್ಲಿ ವಾಚಮನ್ ಆದದ್ದು. ಎಲ್ಲ ಪರೇಡಿನ ದನಿಯಲ್ಲಿ. “ಯಾವಾಗ ಬಿಟ್ಟಿರಿ?” ಎಂದು ಮೇಡಂ ಕೇಳಿದಾಗ “ಹೆಂಡತಿ ತೀರಿಕೊಂಡ ಮೇಲೆ” ಎಂದ. ನಿನ್ನ ಮಾತು ಬಂದದ್ದೇ ತಡ, ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದ. ಆತನಿಗೆ ಗೊತ್ತೇ ಆಗಲಿಲ್ಲ. ಅರ್ಧ ಸಭೆಗೆ ಕನ್ನಡ ಬಾರದು. ಮೇಡಂ ನನ್ನತ್ತ ನೋಡಿದರು. ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತು ಮರಾಠಿಗೆ ತಿರುಗಿಸಿ ಹೇಳತೊಡಗಿದೆ.

“ಕುಡದ್ರ ನಿದ್ದಿ ಲಗೂನ ಹತ್ತತಿತ್ತು,” ಎಂದ ಅಪ್ಪ. “ಆದ್ರ ಕನಸ ಬರೂದು ತಪ್ಪತಿದ್ದಿಲ್ಲ. ಘಾಟಿನ್ಯಾಗ ಗಾಡಿ ಹೊಡ್ಯಾಕತ್ತೀನಿ. ಮುಂದಿನ ಗಾಡ್ಯಾಗ ನನ್ನ ದೋಸ್ತ ಅದಾನ. ತಿರುವಿನ್ಯಾಗ ಆ ಗಾಡಿ ಕೆಳಗ ಹೋಗ್ತದ. ನಾ ಬ್ರೇಕ್ ಹೊಡೀತೀನಿ, ನಿಂದ್ರಂಗಿಲ್ಲ. ಖರೇ ಅವತ್ತು ನನ್ನ ಗಾಡಿ ನಿಂತಿತ್ತು. ಕನಸಿನ್ಯಾಗ ಮಾತ್ರ ನಿಂದ್ರಂಗಿಲ್ಲ.”

ನಾನು ಹೇಳಿದೆ. ಇಂಥದ್ದನ್ನು ಕೇಳುವುದು ನನ್ನ ದಿನದ ಕೆಲಸವಲ್ಲವೇ? ಆದರೆ ಮುಂದಿನದು...

“ಆಕಿ ಕಾಲಕಡಿ ನಿಂತು ಒದರತಿದ್ಲು. ಹಗಲ ಎಂದೂ ನನ್ನ ಹೆಸರ ತಗೊಂಡಾಕಿ ಅಲ್ಲ. ಅವಾಗ ಮಾತ್ರ ಹೆಸರ ಹಿಡದು, ‘ಭೀಮಾಶಂಕರಾ, ಕಣ್ಣ ತಗಿ. ಇದು ಮೈಂದರ್ಗಿ. ಇಲ್ಲಿ ಗುಡ್ಡ ಇಲ್ಲ’ ಅಂತಿದ್ಲು. ನಾ ಏಳೂತನಕ ಅದನ್ನ ಅಂತಿದ್ಲು.”

ಅವ್ವಾ, ನೀನು? ಅಪ್ಪನ ಹೆಸರು? ಅರಿಶಿನ ಕುಂಕುಮದ ದಿನ ಹೆಂಗಸರು ಹೆಸರು ಹೇಳೆಂದು ಕಾಡಿದರೆ, ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡುತ್ತಿದ್ದವಳು! ಪಕ್ಕದ ಕೋಣೆಯಲ್ಲಿ ನಾನು ಮಲಗಿರುತ್ತಿದ್ದೆ. ನಿನ್ನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಗಂಡ ಹೆಂಡತಿ ಜಗಳ ಎಂದುಕೊಳ್ಳುತ್ತಿದ್ದೆ. ನೀನು ಅಕ್ಕಿ ಆರಿಸುತ್ತ ಮೊರದ ಮೇಲೆಯೇ ತೂಕಡಿಸಿದರೆ “ಸೂರ್ಯ ನೆತ್ತಿಗೆ ಬಂದ್ರೂ ನಿದ್ದಿ” ಎಂದು ಅತ್ತಿ ಆಡಿಕೊಳ್ಳುತ್ತಿದ್ದಳು, ನೀನು ಮುಖಕ್ಕೆ ನೀರು ಚಿಮುಕಿಸಿಕೊಂಡು ಮತ್ತೆ ಕೂರುತ್ತಿದ್ದೆ. ಒಂದು ಸಲವಾದರೂ ಯಾರಿಗಾದರೂ ಹೇಳಬಾರದಿತ್ತೇ?

ಇದನ್ನೆಲ್ಲ ಯೋಚಿಸಲು ಅಲ್ಲಿ ಪುರುಸೊತ್ತು ಇರಲಿಲ್ಲ. ಅಪ್ಪ ಮುಂದುವರಿಸಿದ್ದ, ನಾನು ಆತನ ಬಾಯಾಗಿದ್ದೆ. ನಿನ್ನನ್ನು “ನನ್ನ ಹೆಂಡತಿ” ಎಂದು ಹೇಳುತ್ತ ನಿಂತಿದ್ದೆ.

“ಆಕಿ ಹೋದ ಮ್ಯಾಲ ಎಬ್ಬಸವ್ರು ಯಾರೂ ಇಲ್ರಿ. ಕುಡದ ನಿದ್ದಿಯಿಂದ ನನಗ ನಾ ಏಳಾಕ ಬರವಲ್ದು. ಗಾಡಿ ಪೂರಾ ಕೆಳಗ ಹೋಗೂತನಕ ಕನಸಿನ್ಯಾಗ ಇರಬೇಕು. ಕುಡೀಲಿಲ್ಲಂದ್ರ ಎಚ್ಚರ ಆಗ್ತದ. ಅದಕ್ಕ ಬಿಟ್ಟೆ.”

ಕನ್ನಡ ಬಲ್ಲವರು ಮೊದಲೇ ತಲೆ ತಗ್ಗಿಸಿದ್ದರು. ಉಳಿದವರು ನಾನು ಹೇಳಿ ಮುಗಿಸಿದ ಮೇಲೆ ತಗ್ಗಿಸಿದರು. ಆಗ ಹಿಂದಿನ ಸಾಲಿನಿಂದ ಒಬ್ಬ ತರುಣ ಡಾಕ್ಟರ್ ಎದ್ದ. ಕೆಟ್ಟವನಲ್ಲ, ಅವನ ಮುಖದಲ್ಲಿ ಕುಹಕ ಇರಲಿಲ್ಲ. ಹಾಗಾದರೆ, ಎಬ್ಬಿಸುವವರು ಇದ್ದದ್ದರಿಂದಲೇ ಕುಡಿತ ಇಷ್ಟು ವರ್ಷ ನಡೆಯಿತು ಎನ್ನಬಹುದೇ, ಎಂದು ಮರಾಠಿಯಲ್ಲಿ ಕೇಳಿದ. ಈ ಪ್ರಶ್ನೆಯನ್ನು ನಾನೇ ಬೇರೆ ಮನೆಗಳ ಹೆಂಗಸರ ಬಗ್ಗೆ ಸಭೆಗಳಲ್ಲಿ ಕೇಳಿದವಳು. ಆದರೆ ಇದು ನೀನಲ್ಲವೇ ಅವ್ವಾ?

ಅಪ್ಪನಿಗೆ ಮರಾಠಿ ತಿಳಿಯುತ್ತದೆ, ನಾನು ತಿರುಗಿಸಿ ಹೇಳುವ ಅಗತ್ಯವಿರಲಿಲ್ಲ. ಆತ ಆ ಹುಡುಗನನ್ನೇ ನೋಡಿ, “ಅದನ್ನ ಆಕೀಗೇ ಕೇಳಬೇಕ್ರಿ,” ಎಂದ. ಸಿಟ್ಟಿರಲಿಲ್ಲ. ನಿಜವಾಗಿ ನಿನ್ನನ್ನೇ ಕೇಳಬೇಕೆಂದಂತೆ ಹೇಳಿದ. ಮೇಡಂ ಆ ತರುಣನತ್ತ ತಿರುಗಿ ಅಂದರು: “ಆಕೆ ಎಬ್ಬಿಸದೇ ಇದ್ದಿದ್ದರೆ ಇವರು ಬೇಗ ಬಿಡುತ್ತಿದ್ದರೋ, ಬೇಗ ಸಾಯುತ್ತಿದ್ದರೋ, ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಪ್ರತಿಯೊಂದಕ್ಕೂ ಒಂದೇ ಕಾರಣ ಹುಡುಕುವ ಚಟ ನಮಗೆ ಬೇಡ.” ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಕಲಿಯಲು ಇಷ್ಟು ದೂರ ಬರಬೇಕಿತ್ತೇ?

ಮರಳುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. “ಅವ್ವ ಇದ್ದಾಗ ಯಾಕ ಬಿಡಲಿಲ್ಲಪಾ ಮತ್ತ?” ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ತೊಗರಿ ಬಿತ್ತಲು ಹೊಲ ಹಸನು ಮಾಡುತ್ತಿದ್ದರು. “ತಿಳಿವಲ್ದವ್ವಾ,” ಎಂದ. ಸುಮಾರು ದೂರ ಹೋದಮೇಲೆ ಮತ್ತೆ, “ಎಲ್ಲಾರೂ ಬಿಡು ಅಂದ್ರು. ಆಕಿ ಒಬ್ಬಾಕಿನ ಅನ್ನಲಿಲ್ಲ. ಯಾಕ ಅನ್ನವಲ್ಲಿ ಅಂತ ನಾನೂ ಕೇಳಲಿಲ್ಲ.” ನೀನು ಯಾಕೆ ಅನ್ನಲಿಲ್ಲ? ಅಂದರೆ ಕೇಳುವುದಿಲ್ಲ ಎಂದೋ? ಬಿಟ್ಟರೆ ಕನಸು ಇನ್ನೂ ಜೋರಾದೀತೆಂಬ ಹೆದರಿಕೆಯೋ? ಅಥವಾ ಆ ಹೊತ್ತಿನಲ್ಲಿ ಮಾತ್ರ ಆತ ನಿನ್ನ ಮಾತು ಕೇಳುತ್ತಿದ್ದ, ಆ ಹೆಸರು ಆಗ ಮಾತ್ರ ನಿನ್ನದಾಗಿತ್ತು ಎಂದೋ... ಇಲ್ಲ, ಇದು ನಾನು ಕಟ್ಟಿಕೊಂಡದ್ದು. ಆತ ಬಿಟ್ಟನೆಂದು ನಲಿಯಲು ಹೋದರೆ, ನೀನು ನಿದ್ದೆಯಿಲ್ಲದೆ ಸವೆದದ್ದು ಎದುರಿಗೆ ಬಂದು ನಿಲ್ಲುತ್ತದೆ. ಆತನ ಮೇಲೆ ಸಿಟ್ಟಾಗಲು ಹೋದರೆ ಆ ನಿಲ್ಲದ ಗಾಡಿ.

ಈಗ ನಿನಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ. ಕಳೆದ ವಾರ ಹನ್ನೂರಿನಿಂದ ಒಬ್ಬ ನಿವೃತ್ತ ಫೌಜಿ ನಮ್ಮ ಕೇಂದ್ರಕ್ಕೆ ಬಂದ. ಅವನನ್ನು ಡಾಕ್ಟರರ ಕೋಣೆಗೆ ಕಳಿಸಿ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅವನ ಹೆಂಡತಿಯ ಪಕ್ಕ ಕುಳಿತೆ. ನನ್ನ ವಯಸ್ಸಿನವಳೇ. ನಾನು ಬಾಯಿ ತೆರೆಯುವ ಮೊದಲೇ ಆಕೆ ತಯಾರಾಗಿದ್ದಳು, ಎಷ್ಟು ಕುಡಿಯುತ್ತಾನೆ, ಯಾವಾಗಿನಿಂದ, ಹೊಡೆಯುತ್ತಾನೆಯೇ, ಎಲ್ಲಕ್ಕೂ ಉತ್ತರ ಜೋಡಿಸಿಟ್ಟುಕೊಂಡು. ತರಬೇತಿಯಲ್ಲಿ ಕಲಿತ ಪ್ರಶ್ನೆಗಳು ನನ್ನ ಬಳಿಯೂ ತಯಾರಿದ್ದವು. ಯಾಕೋ ಅವು ಬರಲಿಲ್ಲ.

“ನಿಮಗ ನಿದ್ದಿ ಆಗ್ತದೇನ್ರಿ ಅಕ್ಕಾರ?” ಎಂದೆ.

ಆಕೆ ನನ್ನನ್ನು ತಿಳಿಯದವಳಂತೆ ನೋಡಿದಳು. “ನನಗೇನ್ರಿ?” ಎಂದು ಕೇಳಿದಳು. ಹೌದು ಎಂದೆ. “ಅದನ್ಯಾರು ಕೇಳ್ತಾರ್ರಿ,” ಎಂದು ನಕ್ಕು, ತಲೆಯನ್ನು ಗೋಡೆಗೆ ಆನಿಸಿದಳು. ನಾನು ಉತ್ತರಕ್ಕೆ ಕಾಯುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ನೋಡಿದರೆ ನಿದ್ದೆ ಹೋಗಿದ್ದಳು, ಅವ್ವಾ. ಪೇಶಂಟರ ಗದ್ದಲದ ನಡುವೆ, ಮಟಮಟ ಮಧ್ಯಾಹ್ನ, ಬಾಯಿ ತುಸು ತೆರೆದು.

ಗಂಡ ಚೀಟಿ ಹಿಡಿದುಕೊಂಡು ಹೊರಗೆ ಬಂದ. ಊರಿನ ಬಸ್ಸಿಗೆ ಹೊತ್ತಾಗಿತ್ತು. “ಏಳ...” ಎಂದು ಕೈ ಮುಂದೆ ಚಾಚಿದವನು ನನ್ನ ಮುಖ ನೋಡಿ ತಡೆದ. ಎಬ್ಬಿಸು ಎನ್ನಬೇಕೋ ಬೇಡ ಎನ್ನಬೇಕೋ ನನಗೇ ಗೊತ್ತಿರಲಿಲ್ಲ. ಆತ ಅಲ್ಲೇ ನಿಂತು ಆಕೆಯ ಮುಖವನ್ನು ಬಹಳ ಹೊತ್ತು ನೋಡಿದ, ಮೊದಲ ಸಲ ನೋಡುವವನಂತೆ. ಆಮೇಲೆ ಆಕೆಯ ಕೈಯಿಂದ ಜಾರುತ್ತಿದ್ದ ಚೀಲವನ್ನು ಮೆಲ್ಲಗೆ ಬಿಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡು, ಬೆಂಚಿನ ಆ ತುದಿಗೆ ಕುಳಿತ.

ಬಸ್ಸು ಹೋಯಿತು. ಮೂವರೂ ಹಾಗೇ ಕುಳಿತಿದ್ದೆವು.

ನಿನ್ನ,
ಸುಮಿ