ಹಳದಿ ಪೆಟ್ಟಿಗೆಯ ಮನೆ

ಕೇಬಲ್ ಅಣ್ಣನಿಗೆ ನಮಸ್ಕಾರ.

ಇಂಟರ್‌ನೆಟ್ಟಿಗೆ ಡಿಶ್ ದುಬಾರಿ, ಸಿಮ್ ಹಾಕುವ ಡಬ್ಬಿಯಾದರೆ ಗೇಮ್ ನಡುವೆಯೇ ನಿಂತುಬಿಡುತ್ತದೆ ಎಂದು ನೀವೇ ವೈರ್ ಎಳೆದುಕೊಟ್ಟಿರಿ. ಅದರಲ್ಲೇನೂ ಕುಂದಿಲ್ಲ. ಸಿನಿಮಾ, ಗೇಮ್ ಎರಡೂ ನೀರು ಕುಡಿದಷ್ಟು ಸಲೀಸು.

ನಿನ್ನೆ ಗೇಮಿನಲ್ಲಿ ಮಗಳನ್ನು ಹೊಸಬನೊಬ್ಬ ಮಾತಾಡಿಸಿದ. "ಹಳ್ಳೀಲೂ ಇಷ್ಟು ಸ್ಪೀಡಾ? ಯಾವ ಲೈನ್ ಪುಟ್ಟಿ?"

"ವೈರು! ನೀರಿನ ಟ್ಯಾಂಕ್ ಪಕ್ಕ ನಮ್ಮನೆಗೊಂದೇ ಇರೋದು" ಎಂದು ಇವಳು ಜಂಬದಿಂದ ಊರಿನ ಹೆಸರನ್ನೂ ಸೇರಿಸಿ ಹೇಳಿದಳು.

ಅವನು ನಕ್ಕದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಆ ನಗೆಗೆ ಹೆದರಿಯೇ ಅಂದು ನಾವು ಮನೆ ಬಿಟ್ಟು ಇಲ್ಲಿಗೆ ಬಂದದ್ದು. ಅವಳಿಗೆ ಅಪ್ಪನ ದನಿ ನೆನಪಿಲ್ಲ.

ದಯವಿಟ್ಟು ಇವತ್ತೇ ವೈರ್ ಬಿಚ್ಚಿ. ವೈರ್ ಸೇರಿಸಲು ನೀವು ಹೊರಗೋಡೆಗೆ ಹೊಡೆದ, ದಾರಿಗೇ ಕಾಣುವ ಹಳದಿ ಪೆಟ್ಟಿಗೆಯನ್ನೂ ಕಿತ್ತುಬಿಡಿ. ಬಂದಾಗ ಬಾಗಿಲು ತಟ್ಟಬೇಡಿ, ಹೊರಗಿಂದಲೇ ಮಾತಾಡಿ. ತಟ್ಟಿದರೆ ನಾನು ತೆಗೆಯುವುದಿಲ್ಲ.

ಇಂತಿ,
ಟ್ಯಾಂಕ್ ಪಕ್ಕದ ಟೈಲರಮ್ಮ