ಗುಂಡಿ ಇತ್ತು ಅಂತ ಬರ್ಕೊಡಿ

ಜುಲೈ 7, ಸೋಮವಾರ

ಇವತ್ತೂ ಬಸ್ಸು. ಇವತ್ತೂ ಲೇಟು. ಟಿ. ನರಸೀಪುರದ ಲ್ಯಾಬ್ ಬಾಗಿಲಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತ ಶುಗರ್ ಪೇಷಂಟುಗಳ ಸಾಲು. ನಾನು ಹೋಗಿ ರಕ್ತ ತೆಗೆದ ಮೇಲೇ ಅವರಿಗೆ ಕಾಫಿ, ತಿಂಡಿ. ಪುಟ್ಟಮಾದಮ್ಮ ಅಂತ ಒಬ್ಬರು ತೋಳು ಚಾಚುತ್ತಲೇ ಶುರು ಮಾಡಿದರು. "ಯಾನವ್ವ, ನೀನು ಹೊಟ್ಟೆ ತುಂಬುಸ್ಕಂಡು ನಿಧಾನಕ್ ಬತ್ತೀಯ. ನಾವು ಸಾಯದಾ?" ನಾನೂ ತಿಂದಿರಲಿಲ್ಲ. ಹೇಳಿದರೆ ನಂಬಬೇಕಲ್ಲ. ಓನರ್ ಗಡಿಯಾರ ನೋಡಿದರು, ಬಾಯಿ ಬಿಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಕಾರು ನಂಜನಗೂಡಿನ ಗ್ಯಾರೇಜಿನಲ್ಲಿ ಜಾಕಿ ಮೇಲೆ ನಿಂತಿದೆ. ಗುರುವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ, ದಾರಿಯಲ್ಲಿ ಸಿಗುವ ಅತ್ತೆಯ ಊರಿನ ಹಾಲು ಸೊಸೈಟಿ ಮುಂದೆ... ರಸ್ತೆ ತುಂಬ ಮಳೆ ನೀರು. ಎಲ್ಲ ಒಂದೇ ಮಟ್ಟ ಕಾಣುತ್ತಿತ್ತು. ಎಡಗಡೆ ಮುಂದಿನ ಚಕ್ರ ಧಡ್ ಅಂತ ಇಳಿದದ್ದಷ್ಟೇ ಗೊತ್ತು. ಡಿಸ್ಕ್ ಸೊಟ್ಟ. ಟೈರ್ ಹರಿದಿದೆ. ಕೆಳಗೆ ಏನೋ ಆರ್ಮ್ ಅಂತೆ, ಅದೂ ಮುರಿದಿದೆ. ಮೆಕ್ಯಾನಿಕ್ ಚಿಕ್ಕಸ್ವಾಮಿ ಬಗ್ಗಿ ನೋಡಿ, "ಮೇಡಂ, ನೀವು ಬಿದ್ದಿದ್ದು ಗುಂಡಿಗಾ ಬಾವಿಗಾ?" ಅಂದ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ. ಒಂದು ಪೈಸೆ ಹುಟ್ಟಲ್ಲ.

ಇಷ್ಟಾದರೂ ತಪ್ಪು ನನ್ನದೇ. ಪತಿ ರವಿಕುಮಾರ್ ಅವರ ತೀರ್ಪು. "ನಾನು ಅದೇ ಊರಲ್ಲಿ ಹುಟ್ಟಿ ಬೆಳ್ದವ್ನು. ನಂಗೆ ಒಂದಿನಾನೂ ಸಿಕ್ದಿರೋ ಗುಂಡಿ ನಿಂಗೆ ಹೆಂಗ್ ಸಿಕ್ತು?" ಬೈಕಿನಲ್ಲಿ ಪಕ್ಕದಿಂದ ನುಸುಳಿ ಹೋಗುವವರಿಗೆ ಹೇಗೆ ಸಿಗುತ್ತದೆ! ರಿಪೇರಿ ಆದ ಮೇಲೆ ಕಾರಿನ ಕೀ ಅವರ ಹತ್ತಿರವೇ ಇರುತ್ತದಂತೆ. ಕಂತು ನನ್ನ ಸಂಬಳದಿಂದ, ಕೀ ಅವರ ಜೇಬಿನಲ್ಲಿ. ಮೈಯೆಲ್ಲ ಉರಿಯಿತು. ಜಗಳ ಆಯಿತು. ಕೊನೆಗೆ, "ಗುಂಡಿ ಇತ್ತು ಅಂತ ಆ ರಸ್ತೆಯೋರು ಬರ್ಕೊಡ್ಲಿ, ಆಗ ಕೀ ಕೊಡ್ತೀನಿ" ಅಂದರು. ಸರಿ. ಬರೆಸಿಕೊಂಡೇ ಬರುತ್ತೇನೆ. ರಿಪೇರಿ ಖರ್ಚನ್ನೂ ಕೇಳುತ್ತೇನೆ.

ಜುಲೈ 9

ಅರ್ಧ ದಿನ ರಜೆ. ಪಂಚಾಯಿತಿಯಲ್ಲಿ "ಅದು ನಮ್ ರಸ್ತೆ ಅಲ್ಲ ಕಣಮ್ಮ" ಅಂದರು. ಅವರು ತೋರಿಸಿದ ನಂಜನಗೂಡಿನ ರಸ್ತೆ ಇಲಾಖೆ ಆಫೀಸಿಗೆ ಹೋದರೆ, "ಊರೊಳಗಿಂದು ನಮಗೆ ಬರಲ್ಲ." ಹಾಗಾದರೆ ಸೊಸೈಟಿ ಮುಂದಿನ ಆ ತುಂಡು ಯಾರದ್ದು? ನನ್ನದೇ ಇರಬೇಕು ಸಾರ್, ನನ್ನ ಹೆಸರಿಗೆ ಖಾತೆ ಮಾಡಿಕೊಡಿ ಅಂದೆ. ಗುಮಾಸ್ತರು ನಗಲಿಲ್ಲ. ಮ್ಯಾಪ್ ಬಿಡಿಸಿ, ಬೆರಳು ಓಡಿಸಿ, ನಮ್ಮದೇ ಅಂತ ಬೇಜಾರಿನಲ್ಲಿ ಒಪ್ಪಿಕೊಂಡರು.

ಅರ್ಜಿ, ಗ್ಯಾರೇಜಿನ ಅಂದಾಜು ಬಿಲ್ಲು, ಆರ್‌ಸಿ, ಡಿಎಲ್, ಫೋಟೋ... ಫೋಟೋ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಇದ್ರಲ್ಲಿ ನೀರು ಕಾಣ್ತಾ ಇದೆ. ಗುಂಡಿ ಎಲ್ಲಿ?"

"ನೀರಿನ ಕೆಳಗೆ ಸಾರ್."

"ಕಾಣ್ಬೇಕಲ್ಲ ಮೇಡಂ."

ಕಂಡಿದ್ದರೆ ಬೀಳುತ್ತಿದ್ದೆನೇ! ಹಲ್ಲು ಕಚ್ಚಿಕೊಂಡು ಸೀಲ್ ಹಾಕಿಸಿಕೊಂಡು ಬಂದೆ.

ಜುಲೈ 24, ಗುರುವಾರ

ಬರೆಯುವುದಕ್ಕೆ ಏನಿತ್ತು? ಹೋದೆ, ಸಾಹೇಬರಿಲ್ಲ, ಬಂದೆ. ಮತ್ತೆ ಹೋದೆ, ಮೀಟಿಂಗು, ಬಂದೆ. ಕಾರು ರಿಪೇರಿಯಾಗಿ ಮನೆ ಮುಂದೆ ನಿಂತಿದೆ. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ನಡೆದು ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಅದರ ಕೀ ಇವರ ಬೈಕಿನ ಗೊಂಚಲಿನಲ್ಲಿ ಫ್ಯಾಕ್ಟರಿಗೆ ಹೋಗಿ ಬರುತ್ತದೆ. ಅಹಂಕಾರ ನೋಡು.

ಓನರ್ ಇವತ್ತು ಬಾಯಿ ಬಿಟ್ಟರು. "ಆಗಸ್ಟ್ ಹದಿನೈದರವರೆಗೂ ನೋಡ್ತೀನಿ ಸಂಘಮಿತ್ರಾ. ಟೈಮಿಗೆ ಬರೋಕಾಗದಿದ್ರೆ ಬೇರೆಯೋರನ್ನ ತಗೋತೀನಿ." ಮೆತ್ತಗೆ ಹೇಳಿದರು. ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಸಂಜೆ ಒಂದು ಒಳ್ಳೆ ಸುದ್ದಿ. ಆ ಆಫೀಸಿನ ಇಂಜಿನಿಯರ್ ಗಂಗಾಧರಸ್ವಾಮಿ ಅವರೇ ಫೋನ್ ಮಾಡಿದರು. ಸೋಮವಾರ ಸ್ಥಳ ಪರಿಶೀಲನೆ! ತಕ್ಷಣ ಅತ್ತೆಗೆ ಫೋನ್ ಮಾಡಿದೆ. ಗುಂಡಿ ನೋಡೋಕೆ ದೊಡ್ಡ ಸಾಹೇಬರು ಬರ್ತಿದ್ದಾರೆ, ನಾನೂ ಬರ್ತೀನಿ ಅಂದೆ.

"ನೀ ಯಾನೂ ಯೋಚ್ನ ಮಾಡ್ಬ್ಯಾಡ ಕಣವ್ವ. ನಾ ಎಲ್ಲಾ ನೋಡ್ಕತ್ತೀನಿ" ಅಂದರು.

ಈ ಮನೆತನದಲ್ಲಿ ನನ್ನ ಕಡೆ ಒಬ್ಬರಾದರೂ ಇದ್ದಾರಲ್ಲ.

ಜುಲೈ 28, ಸೋಮವಾರ, ಮಧ್ಯಾಹ್ನ

ಅಳಬೇಕೋ ನಗಬೇಕೋ...

ಬಸ್ಸಿಳಿದೆ. ಹಿಂದೆಯೇ ಜೀಪು ಬಂತು. ಸೊಸೈಟಿ ಮುಂದೆ ನೋಡುತ್ತೇನೆ — ಗುಂಡಿ ಇಲ್ಲ! ಬೀದಿ ಗುಡಿಸಿ, ಸಗಣಿ ನೀರು ಚೆಲ್ಲಿ, ಗುಂಡಿ ಇದ್ದ ಜಾಗದಲ್ಲೇ ದೊಡ್ಡ ರಂಗೋಲಿ. ಮಧ್ಯದಲ್ಲಿ ಸುಸ್ವಾಗತ. ಅತ್ತೆ ಹೊಸ ಸೀರೆಯುಟ್ಟು ಎಳನೀರು ಹಿಡಿದು ನಿಂತಿದ್ದಾರೆ.

ಅದೇ ಬೀದಿಯ ಚಿಕ್ಕಬಸಮ್ಮ ಅನ್ನೋರ ಮನೆ ಗೋಡೆ ಮಳೆಗೆ ಬಿದ್ದಿತ್ತಂತೆ, ಆ ಕಲ್ಲು ಇಟ್ಟಿಗೆಯನ್ನೆಲ್ಲ ಊರಿನ ಮಹಿಳಾ ಸಂಘದ ಹೆಂಗಸರು ಭಾನುವಾರ ಪೂರ್ತಿ ಹೊತ್ತು ತಂದು, ತುಂಬಿ, ಒನಕೆಯಲ್ಲಿ ಕುಟ್ಟಿ ಗಟ್ಟಿ ಮಾಡಿದ್ದಾರೆ. ಮುಂದೆ ನಿಂತು ಮಾಡಿಸಿದವರು ನಮ್ಮ ಅತ್ತೆ ಚಲುವಮ್ಮನವರು.

"ಅತ್ತೆ, ಯಾಕೆ ಮುಚ್ಚಿದ್ರಿ?"

"ಇನ್ಯಾನವ್ವ? ಅಷ್ಟ್ ದೊಡ್ಡೋರು ಬರೋವಾಗ ಬೀದಿ ಅಂಗಿದ್ರೆ ನಮ್ಗ ಮರ್ವಾದಿನಾ?"

ಇಂಜಿನಿಯರ್ ಎಳನೀರು ಕುಡಿದರು. ರಂಗೋಲಿ ತುಳಿಯದೆ ಸುತ್ತಿ ನಡೆದರು. "ರಸ್ತೆ ಚೆನ್ನಾಗೇ ಇದೆಯಲ್ಲ ಮೇಡಂ."

ಇದು ನಿನ್ನೆ ಮುಚ್ಚಿದ್ದು ಅಂತ ಕೂಗಿಯೇ ಹೇಳಿದೆ. "ನಾನು ಇವತ್ತು ಕಂಡಿದ್ದನ್ನ ಮಾತ್ರ ಬರೀಬೋದು" ಅಂದು, ಜೀಪಿನ ಬಾನೆಟ್ ಮೇಲೇ ಬರೆದು, ಒಂದು ಕಾಪಿ ನನ್ನ ಕೈಗಿಟ್ಟರು. 'ಸದರಿ ಸ್ಥಳದಲ್ಲಿ ಯಾವುದೇ ಗುಂಡಿ ಕಂಡುಬಂದಿರುವುದಿಲ್ಲ.'

ಜೀಪು ಹೋದ ಮೇಲೆ ಅತ್ತೆಯ ಮೇಲೆ ಹರಿಹಾಯ್ದೆ. ಎಲ್ಲರ ಮುಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಟ್ಟೆ ಮೇಲೆ ಕೂತುಬಿಟ್ಟರು. ಎರಡೂ ಅಂಗೈಯಲ್ಲಿ ಬೊಬ್ಬೆ. ಅವರ ಬೀದಿಗೆ ಆಫೀಸರ ಜೀಪು ಬರುವುದೇ ಅಪರೂಪ. ಸೊಸೆ ಬರೆದ ಅರ್ಜಿಗೆ ಬರುತ್ತಿದೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದರಂತೆ. ಹಾಗೆ ಕೂಗಬಾರದಿತ್ತು. ಆದರೂ ಸಿಟ್ಟು ಇಳಿದಿಲ್ಲ.

ಜುಲೈ 29

"ನೋಡ್ದ್ಯಾ? ಗುಂಡಿನೇ ಇಲ್ವಂತೆ." ಆ ಕಾಗದ ಹಿಡಿದು ಇವರ ನಗು ಬೇರೆ. ನಿಮ್ಮ ತಾಯಿ ಮುಚ್ಚಿದ್ದು ಅಂದರೆ, "ಅವ್ವನ ಮೇಲೆ ಯಾಕೆ ಹಾಕ್ತೀಯ?" ಅಡುಗೆ ಮಾಡಲಿಲ್ಲ. ಪತಿರಾಯರು ಬ್ರೆಡ್ ತಿಂದು ಮಲಗಿದರು.

ಆಗಸ್ಟ್ 1

ಲ್ಯಾಬಿನಲ್ಲಿದ್ದಾಗ ಅತ್ತೆಯ ಫೋನು. ನಂಜನಗೂಡು ಬಸ್ ಸ್ಟ್ಯಾಂಡಿನಿಂದ. ಯಾರಿಗೂ ಹೇಳದೆ ಒಬ್ಬರೇ ಆ ಆಫೀಸಿಗೆ ಹೋಗಿದ್ದಾರೆ!

"ಗುಂಡಿ ಇತ್ತು, ಮುಚ್ದೋಳು ನಾನೇಯ, ನನ್ ಸೊಸೆ ಸುಳ್ಳೇಳೋಳಲ್ಲ ಅಂದ್ಬುಟ್ಟು ಬಂದೆ ಕಣವ್ವ."

"ಅವರೇನಂದ್ರು?"

"ಎಸ್ರು, ಊರು, ಎಲ್ಲಾ ಬರ್ಕಂಡ್ರು. ಸೈನೂ ಆಕ್ದೆ. ಕುಂತ್ಕಳಿ ಅಂತ ಕುರ್ಚಿ ಕೊಟ್ರು."

ಕುರ್ಚಿ ಕೊಟ್ಟರು ಅಂದಾಗಲೇ ನನಗೆ ಭಯವಾಯಿತು.

ಆಗಸ್ಟ್ 12, ಮಂಗಳವಾರ

ಭಯಪಟ್ಟ ಹಾಗೇ ಆಯಿತು. ರಿಜಿಸ್ಟರ್ ಪೋಸ್ಟಿನಲ್ಲಿ ಅತ್ತೆಗೆ ನೋಟೀಸು. ಸೆರಗಿನಲ್ಲಿ ಸುತ್ತಿಕೊಂಡು ಸಂಜೆ ಬಸ್ಸಿಗೆ ನಮ್ಮ ಮನೆಗೆ ಬಂದರು. ಅರೆಸ್ಟ್ ಮಾಡ್ತಾರಾ ಅಂತ ಕೇಳಿದರು. ಇವರು ಸೆಕೆಂಡ್ ಶಿಫ್ಟ್, ಮನೆಯಲ್ಲಿಲ್ಲ. ನಾನೇ ಓದಿದೆ.

'ಹಾಲು ಉತ್ಪಾದಕರ ಸಂಘದ ಮುಂಭಾಗದ ರಸ್ತೆಯಲ್ಲಿದ್ದ, ವಾಹನ ಸಂಚಾರಕ್ಕೆ ಅಪಾಯಕಾರಿಯಾಗಿದ್ದ ಗುಂಡಿಯನ್ನು ತಾವು ಅನುಮತಿ ಇಲ್ಲದೆ ಮುಚ್ಚಿರುವುದು ಕಂಡುಬಂದಿರುತ್ತದೆ. ಏಳು ದಿನದೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು.'

ಕೆಳಗೆ ಗಂಗಾಧರಸ್ವಾಮಿಯವರ ಸಹಿ. ಗುಂಡಿಯೇ ಇಲ್ಲ ಎಂದು ಬರೆದ ಅದೇ ಪುಣ್ಯಾತ್ಮ!

ತಾವು ಮುಚ್ಚಬೇಕಾದ್ದನ್ನು ಮುಚ್ಚಲಿಲ್ಲ, ಮುಚ್ಚಿದ ಮುದುಕಿಗೆ ನೋಟೀಸು. ಸಿಟ್ಟಿಗೆ ಹರಿದೇ ಹಾಕುತ್ತಿದ್ದೆ. ಯಾಕೋ ಇನ್ನೊಂದು ಸಲ ಓದಿದೆ. ಮತ್ತೊಂದು ಸಲ ಓದಿದೆ. ಆಮೇಲೆ ನಗು ಶುರುವಾಯಿತು ನೋಡು, ಅತ್ತೆ ಗಾಬರಿಯಾಗಿ ನೀರು ತಂದುಕೊಟ್ಟರು.

ಆಗಸ್ಟ್ 13, ಬೆಳಿಗ್ಗೆ 6.30

ಕಾಫಿ ಲೋಟದ ಪಕ್ಕದಲ್ಲಿ ನೋಟೀಸು ಇಟ್ಟೆ. ಇವರು ಮನಸ್ಸಿನಲ್ಲೇ ಓದತೊಡಗಿದರು.

"ಜೋರಾಗ್ ಓದ್ಲಾ ರವಿ, ನಂಗೂ ಕೇಳ್ಲಿ" ಅಂದರು ಅತ್ತೆ.

ಓದಿದರು. 'ಅಪಾಯಕಾರಿಯಾಗಿದ್ದ' ಹತ್ತಿರ ದನಿ ಇಳಿಯಿತು.

"ಯಾನ್ಲಾ, ಗುಂಡಿ ಇತ್ತಾ ಇಲ್ವಾ?"

"...ಇತ್ತು ಕಣವ್ವ."

"ನಂಗ್ಯಾಕ್ ಏಳ್ತೀಯ? ಅವ್ಳ್ಗೇಳು."

ಇವರು ಜೇಬಿನಿಂದ ಕೀ ಗೊಂಚಲು ತೆಗೆದರು. ಉಗುರಿನಲ್ಲಿ ರಿಂಗ್ ಬಿಡಿಸುತ್ತ, ಇವತ್ತು ರಜೆ ಹಾಕಿ ತಾವೇ ಆಫೀಸಿಗೆ ಕರೆದುಕೊಂಡು ಹೋಗುವ ಮಾತು ತೆಗೆದರು. ಅತ್ತೆ ಪೂರ್ತಿ ಕೇಳಲೂ ಇಲ್ಲ. "ನೀ ನಿನ್ ಕೆಲ್ಸಕ್ಕೋಗು. ನೋಟೀಸು ಬಂದಿರಾದು ನಂಗ. ನನ್ ಸೊಸೆ ಕರ್ಕಂಡೋಯ್ತಾಳ."

ಕೀ ನನ್ನ ಅಂಗೈಗೆ ಬಂತು. ಬೆಚ್ಚಗಿತ್ತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮೊದಲು ಲ್ಯಾಬು. ಅವರೆಲ್ಲ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಲಿ. ಆಮೇಲೆ ಆಫೀಸು. ಎರಡು ಕಾಗದ, ಎರಡರಲ್ಲೂ ಒಂದೇ ಸಹಿ. ಅಕ್ಕಪಕ್ಕ ಇಟ್ಟು, ಯಾವುದು ನಿಜ ಸಾರ್ ಅಂತ ಕೇಳುತ್ತೇನೆ. ಇಲ್ಲ, ಮೊದಲು ಬಿಲ್ಲು ಇಟ್ಟು ಆಮೇಲೆ... ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ ಕೂತಾಯಿತು. ಹಾರ್ನ್ ಎಲ್ಲಿದೆ ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ. ಬೀದಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದಾರೆ. ಬಂದೆ ಅತ್ತೆ, ಒಂದು ನಿಮಿಷ, ಇದೊಂದು ಸಾಲು ಬರೆದು—