ಎದ್ವೀಜ್ ಕಲಿತ ಬೈಗುಳ

ಮಾರ್ಚ್ 4, ಮಂಗಳವಾರ

ಇವತ್ತೂ ಹಾಲಿನ ಜೊತೆ ಬೈಗುಳ. ಹಾಲು ಮಾರುವ ಪೆಂದೊ ತಲೆಯ ಮೇಲಿನ ಸೋರೆಬುರುಡೆ ಇಳಿಸುವ ಮೊದಲೇ ಮಗಳು ಎದ್ವೀಜ್ ಬಾಗಿಲಿಗೆ ಓಡಿದಳು.

"ಸಕ್ಕರೆ ತುಂಡಿಗೆ ಮಾರಿಕೊಂಡೋಳೇ, ಬಂದ್ಯಾ?"

"ಬಂದೆ ಕಣೇ, ನಾಯಿ ತಿನ್ನೋ ಕುಲದೋಳೇ. ನಿಮ್ಮಮ್ಮ ಎದ್ದಳಾ, ಇಲ್ಲಾ ನಿನ್ನೆಯ ಹೆಂಡದಲ್ಲೇ ತೇಲ್ತಿದಾಳಾ?"

"ನನ್ನ ತೊತ್ತು ನನ್ನನ್ನೇ ವಿಚಾರಿಸ್ತಾಳೆ ನೋಡು" ಎಂದು ಒಳಗಿಂದ ನಾನು. ಮೂವರೂ ನಕ್ಕೆವು. ನಾವು ಉಳುವ ಬೊಬೊ ಕುಲ, ಅವಳು ದನ ಮೇಯಿಸುವ ಫುಲಾನಿ ಕುಲ. ಅಜ್ಜಂದಿರ ಕಾಲದಿಂದ ಬೈದುಕೊಂಡೇ ಬಂದವರು. ಬೈದರೆ ಸಿಟ್ಟಾಗುವ ಹಾಗಿಲ್ಲ. ಒಬ್ಬರ ರಕ್ತ ಇನ್ನೊಬ್ಬರು ಸುರಿಸುವ ಹಾಗಂತೂ ಇಲ್ಲವೇ ಇಲ್ಲ.

ನನ್ನ ಮಗಳಿಗೆ ಆರು ವರ್ಷ. ಅಕ್ಷರ ಬರೆ ಅಂದರೆ ಆಕಳಿಕೆ. ಹೊಸ ಬೈಗುಳ ಮಾತ್ರ ಒಂದೇ ಸಲಕ್ಕೆ ಕಂಠಪಾಠ. ಟೀಚರ್ ಮಗಳು!

ಮಾರ್ಚ್ 9, ಭಾನುವಾರ

ಅಲ್ಫೋನ್ಸ್ ಚರ್ಚಿಗೇ ಬಂದೂಕು ತಂದಿದ್ದ. ನನ್ನ ಮೈದುನ. ಈಗ ಊರ ಕಾವಲು ದಳದ ಮುಖಂಡ. ಎದ್ವೀಜಳ ಅಪ್ಪ ಗಡಿಯಾಚೆ ಕೋಕೋ ತೋಟದಲ್ಲಿ ಕೂಲಿ… ಮನೆಗೆ ಗಂಡು ದಿಕ್ಕು ಅಂದರೆ ಇವನೇ. ಕಾಡಿನವರು, ಅಲ್ಲಿ ಅಡಗಿರುವ ಬಂದೂಕಿನ ಉಗ್ರರು, ಬಂದು ಪಕ್ಕದೂರಿನ ಶಾಲೆ ಸುಟ್ಟ ಮೇಲೆ ಎಲ್ಲರಿಗೂ ಅವನು ಬೇಕು. ಫುಲಾನಿಗಳೇ ಅವರಿಗೆ ದಾರಿ ತೋರಿಸ್ತಾರೆ ಅಂತ ಊರಲ್ಲಿ ಗುಸುಗುಸು. ನನಗೂ.

ಎದ್ವೀಜ್ ಸಂಜೆಯೆಲ್ಲ ದಳದ ಚೆಕ್‌ಪೋಸ್ಟಿನಲ್ಲೇ. ಹುಡುಗರು ಬಿಸ್ಕತ್ತು ಕೊಟ್ಟು, ಬೈಗುಳ ಹೇಳಿಸಿ ನಗುತ್ತಾರೆ. ಬೇಡ ಅಂದರೆ ಕೇಳುವವಳಲ್ಲ.

ಮಾರ್ಚ್ 12, ಬುಧವಾರ

ಊಟದ ಹೊತ್ತಿಗೆ: "ಅಲ್ಫೋನ್ಸ್ ಚಿಕ್ಕಪ್ಪಂಗೆ ಪೆಂದೊ ಕಂಡ್ರೆ ತುಂಬಾ ಇಷ್ಟ, ಅಲ್ವಾಮ್ಮ?"

ನಿನಗೆ ಹೇಗೆ ಗೊತ್ತು ಅಂದೆ.

"ಅವಳನ್ನ, ಅವಳ ಗಂಡನ್ನ ಚೆಕ್‌ಪೋಸ್ಟಲ್ಲಿ ದಿನಾ ಬೈತಾರೆ. ನಾನು ಕೇಳೇ ಇರದ ಬೈಗುಳ!"

ಕಣ್ಣು ಅರಳಿಸಿಕೊಂಡು ಹೇಳಿದಳು. ಇವಳ ಲೆಕ್ಕದಲ್ಲಿ ಬೈದರೆ ಪ್ರೀತಿ. ನಕ್ಕುಬಿಟ್ಟೆ.

ಮಾರ್ಚ್ 13, ಗುರುವಾರ

ಪೆಂದೊ ಇವತ್ತು ಬೈಯಲಿಲ್ಲ. ಹಾಲು ಅಳೆದು ಹಾಕಿ ಬಾಗಿಲಲ್ಲೇ ನಿಂತಳು. ಎದ್ವೀಜ್ ಏನೇನೋ ಕೆಣಕಿದರೂ ನನ್ನನ್ನೇ ನೋಡಿದಳು.

"ನಾವು ಹೊರಟುಬಿಡ್ಬೇಕಾ, ಹೇಳು" ಅಂದಳು. "ನಿನ್ನ ಮೈದುನ ಮೊನ್ನೆ ನನ್ನ ಗಂಡನ್ನ ಬೈಲೇ ಇಲ್ಲ. ಮರ್ಯಾದೆಯಾಗಿ ನಮಸ್ಕಾರ ಅಂದ."

"ಹುಚ್ಚಿ. ಅವನು ಬೊಬೊ ಕಣೇ. ನಿಮ್ಮ ಮೇಲೆ ಕೈ ಎತ್ತೋ ಹಾಗಿಲ್ಲ ಅವನು. ತೊತ್ತಿಗೆ ಊರು ಬಿಡೋಕೆ ನಾನು ಅಪ್ಪಣೆ ಕೊಟ್ಟಿಲ್ಲ, ಹೋಗು, ದನ ನೋಡ್ಕೋ."

ಅರೆಮನಸ್ಸಿನಲ್ಲಿ ನಕ್ಕಳು. ಹೋದಳು.

ಮಾರ್ಚ್ 15, ಶನಿವಾರ. ಸಂಜೆ

ಕಾಪಿ ತಿದ್ದುತ್ತಿದ್ದೆ. ಎದ್ವೀಜ್ ಚೆಕ್‌ಪೋಸ್ಟಿನಿಂದ ಓಡಿ ಬಂದಳು — "ಅಮ್ಮ, ಇವತ್ತು ಒಂದಿಡೀ ವಾಕ್ಯ!" ಸೊಂಟಕ್ಕೆ ಕೈಯಿಟ್ಟು, ಥೇಟ್ ಅಲ್ಫೋನ್ಸನ ದನಿಯಲ್ಲಿ ಶುರು ಮಾಡಿದಳು. "ಆ ಸೂಳೆಮಕ್ಕಳನ್ನ…"

ಅಷ್ಟಕ್ಕೇ ಕೆನ್ನೆಗೆ ಬಿಟ್ಟೆ. ಪೆಂದೊಳ ಬೈಗುಳ ಬೇರೆ, ಈ ಹೊಲಸು ಬೇರೆ. "ಪೂರ್ತಿ ಕೇಳಮ್ಮ, ಇನ್ನೂ ಇದೆ" ಅಂದಳು. ನಾಲಿಗೆಗೆ ಮೆಣಸಿನಕಾಯಿ ತೀಡಿದೆ. ಅತ್ತೂ ಅತ್ತೂ ಮಲಗಿದಳು. ನನ್ನ ಬೆರಳು ಇನ್ನೂ ಉರಿಯುತ್ತಿದೆ.

ಮಾರ್ಚ್ 18, ಮಂಗಳವಾರ

ಹಾಲು ಬರಲಿಲ್ಲ.

ಮಧ್ಯಾಹ್ನ — ರಾತ್ರಿ ಪೆಂದೊಳ ಹಟ್ಟಿಗೆ ಬೆಂಕಿ ಬಿದ್ದಿದೆಯಂತೆ. ಶಾಲೆ ಬಿಟ್ಟು ಓಡಿದೆ. ಹುಲ್ಲಿನ ಗುಡಿಸಲು ಒಂದೂ ಇಲ್ಲ. ದನ ಒಂದೂ ಇಲ್ಲ. ಪೆಂದೊ, ಗಂಡ, ಎರಡು ಮಕ್ಕಳು… ಗುರುತಿಸಿದ್ದು ಅವಳ ಬಳೆಯಿಂದ. "ಕಾಡಿನವರ ಕೆಲಸ ಅತ್ತಿಗೆ, ನೀವು ಇಲ್ಲಿ ನಿಲ್ಲಬೇಡಿ" ಅಂದ ಅಲ್ಫೋನ್ಸ್. ಅವನ ಹುಡುಗರು ಯಾರೂ ನನ್ನ ಮುಖ ನೋಡಲಿಲ್ಲ.

ಮಾರ್ಚ್ 26, ಬುಧವಾರ

ಎದ್ವೀಜ್ ಬೆಂಕಿ ಬಿದ್ದ ದಿನದಿಂದ ಬಾಯಿ ಬಿಟ್ಟಿಲ್ಲ. ಗಂಜಿ ಬೇಕಾದರೂ ಬೆರಳು ತೋರಿಸುತ್ತಾಳೆ.

ಇವತ್ತು ಬಾಗಿಲು ಹಾಕಿ ಮಡಿಲಲ್ಲಿ ಕೂರಿಸಿಕೊಂಡೆ. ಇಷ್ಟು ದಿನ ಕೇಳಲು ಧೈರ್ಯ ಇರಲಿಲ್ಲ. "ಆ ಶನಿವಾರದ ವಾಕ್ಯ ಹೇಳು ಪುಟ್ಟಿ. ಹೊಡೆಯಲ್ಲ." ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೆಲ್ಲಗೆ ಬಿಡಿಸಿದೆ. ಅಲ್ಫೋನ್ಸನ ದನಿಯಲ್ಲೇ ಹೇಳಿದಳು:

"ಆ ಸೂಳೆಮಕ್ಕಳನ್ನ ಸೋಮವಾರ ಸಂತೆ ಮುಗಿದ ಮೇಲೆ ಹಟ್ಟಿ ಸಮೇತ ಸುಟ್ಟುಬಿಡಿ. ಒಂದು ಮರೀನೂ ಉಳೀಬಾರ್ದು."

ಶನಿವಾರವೇ ನನ್ನ ಮನೆಗೆ ಬಂದಿತ್ತು ಈ ಮಾತು. ಪೂರ್ತಿ ಕೇಳಿದ್ದರೆ ಪೆಂದೊ ಬದುಕಿರುತ್ತಿದ್ದಳು. ಹೋಗಬೇಡ ಅಂದವಳೂ ನಾನೇ. ದೇವರೇ, ಮಗುವಿನ ನಾಲಿಗೆಗೆ ಮೆಣಸಿನಕಾಯಿ ತೀಡಿದೆನಲ್ಲ…

ಮಾರ್ಚ್ 30, ಭಾನುವಾರ

ಚರ್ಚಿನ ಮುಂದೆ ಅಲ್ಫೋನ್ಸ್ ಎದ್ವೀಜಳ ಕೆನ್ನೆ ಹಿಂಡಿದ. "ಏನೇ, ಮೂಗಿ ಆದ್ಯಾ? ನಮ್ಮ ಹುಡುಗರ ಹತ್ರ ಏನೇನು ಕಲ್ತೆ, ಹೇಳು ನೋಡೋಣ." ನಗುತ್ತಲೇ ಇದ್ದ. ಕೆನ್ನೆ ಮಾತ್ರ ಬಿಡಲಿಲ್ಲ.

ಅವಳು ನನ್ನ ಕಡೆ ನೋಡಿದಳು. ಬೇಡ ಎಂದು ಕಣ್ಣಲ್ಲೇ ಹೇಳಿದೆ. ಅದನ್ನು ಅವನು ನೋಡಿಬಿಟ್ಟ.

ಮಾರ್ಚ್ 31, ಸೋಮವಾರ

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ತವರಿಗೆ ಎಂದು ಹೆಡ್‌ಮಾಸ್ಟರಿಗೆ ಹೇಳಿದ್ದೇನೆ. ಚೆಕ್‌ಪೋಸ್ಟ್ ದಾಟದೆ ದಾರಿಯಿಲ್ಲ. ಅಲ್ಫೋನ್ಸನ ಹುಡುಗರು ಬಸ್ಸು ಹತ್ತಿ ಒಬ್ಬೊಬ್ಬರನ್ನೇ ಮಾತಾಡಿಸುತ್ತಾರೆ. ಮಕ್ಕಳನ್ನೂ.

ಸಾರು ಕುದಿಯುವಾಗ ಎದ್ವೀಜ್ ತಾನಾಗಿಯೇ ಬಾಯಿ ಬಿಟ್ಟಳು. "ಯಾವ್ಯಾವ ಮಾತು ಆಡಬಾರ್ದು ಅಂತ ಒಟ್ಟಿಗೇ ಹೇಳಿಬಿಡಮ್ಮ. ಕಲ್ತ್ಕೊಳ್ತೀನಿ."

ನೆಟ್ಟಗೆ ಚಕ್ಕಂಬಕ್ಕಳ ಹಾಕಿ ಕೂತಳು. ಬೆಂಕಿ ಅನ್ನಬೇಡ ಅಂದೆ. ಹಟ್ಟಿ ಅನ್ನಬೇಡ. ಸಂತೆ, ಸೋಮವಾರ ಅನ್ನಬೇಡ. ಒಂದೊಂದಕ್ಕೂ ತಲೆಯಾಡಿಸಿ ಬೆರಳು ಮಡಚಿದಳು. ಪೆಂದೊ ಅನ್ನಲೇಬೇಡ ಅಂದೆ.

ಬೆರಳು ಅಲ್ಲೇ ನಿಂತಿತು. "ಅದೂ ಬೈಗುಳಾನಾ ಅಮ್ಮ?"

ನಾನು ಆ ಬೆರಳನ್ನು ನನ್ನ ಕೈಯಿಂದಲೇ ಮಡಚಿದೆ.